ತವರಿಗೆ ಮರಳಿದ ಮಗಳು: ಕಲ್ಯಾಣದಿಂದ ಚಂದಾಪುರದವರೆಗೆ

ಕಳೆದ ಶ್ರಾವಣ ಮಾಸದಲ್ಲಿ, ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿಹೋದ ಹಿರಿಯ ವಿದ್ಯಾರ್ಥಿಯೊಬ್ಬರ ಬಿನ್ನಹವನ್ನು ಮನ್ನಿಸಿ ನಾವು ಆನೇಕಲ್ಲು ತಾಲ್ಲೂಕಿನ ಚಂದಾಪುರಕ್ಕೆ ಹೋಗಿದ್ದೆವು. ಹೊಸೂರು ಹೆದ್ದಾರಿಯಿಂದ ಆನೇಕಲ್ಲಿಗೂ ದೊಮ್ಮಸಂದ್ರಕ್ಕೂ ದಾರಿಗಳು ಕವಲೊಡೆಯುವ ಈ ಊರನ್ನು ರಾಗಿಯ ಹೊಲಗಳ ನಡುವಣ ಹಳ್ಳಿಯಾಗಿ ಕಂಡವರು ನಮ್ಮ ಭಕ್ತರಲ್ಲಿ ಇನ್ನೂ ಇದ್ದಾರೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರದ ಬಳಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕೈಗಾರಿಕಾ ಪ್ರದೇಶಗಳು ಎದ್ದವು. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೊ ರೈಲೂ ಬಂದಿತು. ನಮ್ಮ ಭಕ್ತರ ಮನೆಯೂ ಆ ಬದಲಾವಣೆಯ ಫಲವೇ. ಹಿರಿಯರ ಕಾಲದ ಜಮೀನು ಕೈಗಾರಿಕೆಗೆಂದು ಸ್ವಾಧೀನವಾದಾಗ ಬಂದ ಪರಿಹಾರಧನದಿಂದ ಕೊಂಡ ನಿವೇಶನ, ಅದರ ಮೇಲೆ ಹಂತಹಂತವಾಗಿ ಎದ್ದ ಮೂರು ಅಂತಸ್ತು. ಕೆಳಗೆ ವೃದ್ಧ ದಂಪತಿಗಳು, ನಡುವೆ ಮಗನ ಸಂಸಾರ, ಮೇಲೆ ಕಾರ್ಖಾನೆಯ ಹುಡುಗರಿಗೆ ಬಾಡಿಗೆಗೆ ಕೊಡುತ್ತಿದ್ದ ಎರಡು ಕೋಣೆಗಳು.

ಆ ಎರಡು ಕೋಣೆಗಳಲ್ಲಿ ಈಗ ಅವರ ಮಗಳು ಎಂಟು ವರ್ಷದ ಗಂಡುಮಗುವಿನೊಡನೆ ಇದ್ದಾಳೆ. ನ್ಯಾಯಾಲಯದಲ್ಲಿ ವಿಚ್ಛೇದನವಾಗಿ ಒಂದು ವರ್ಷ ಕಳೆದಿದೆ. ಪಾದಪೂಜೆ ಮುಗಿದು ಪ್ರಸಾದಕ್ಕೆ ಮೊದಲು ಮನೆಯ ಯಜಮಾನರು ನಮ್ಮನ್ನು ಪಕ್ಕಕ್ಕೆ ಕರೆದು ಕೇಳಿದ ಮಾತು ಇದು: "ಬುದ್ಧೀ, ಯಾರಾದ್ರೂ ಕೇಳಿದ್ರೆ ಮಗಳು ಬಂದಿದ್ದಾಳೆ ಅನ್ನೋದೋ, ಇದ್ದಾಳೆ ಅನ್ನೋದೋ? ನನ್ನ ಬಾಯಲ್ಲಿ ಮಾತೇ ಹೊರಡಲ್ಲ."

ಬಂದಿದ್ದಾಳೆ ಎಂದರೆ ಹೋಗುವವಳು; ಇದ್ದಾಳೆ ಎಂದರೆ ಮನೆಯವಳು. ನಮ್ಮ ನಾಡಿನಲ್ಲಿ ತವರು ಎಂಬ ಶಬ್ದಕ್ಕೆ ಇರುವಷ್ಟು ಅಕ್ಕರೆ ಮತ್ತೊಂದು ಶಬ್ದಕ್ಕೆ ಇರಲಾರದು. ಆದರೆ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ತವರಿನ ಉಪಚಾರಗಳೆಲ್ಲವೂ ಅತಿಥಿಯ ಉಪಚಾರಗಳು. ಗೌರಿಹಬ್ಬಕ್ಕೆ ಬಾಗಿನ ಕಳುಹಿಸುವುದು, ಚೊಚ್ಚಲ ಬಾಣಂತನಕ್ಕೆ ಕರೆತರುವುದು, ಹೊರಡುವಾಗ ಮಡಿಲಕ್ಕಿ ತುಂಬುವುದು, ಇವೆಲ್ಲವೂ ಅವಳು ಮರಳಿ ಹೋಗುತ್ತಾಳೆಂಬ ನಂಬಿಕೆಯ ಮೇಲೆ ನಿಂತವು. ಉಳಿಯಲೆಂದೇ ಬಂದ ಮಗಳಿಗೆ ನಮ್ಮ ಸಂಪ್ರದಾಯದಲ್ಲಿ ಒಂದು ಶಾಸ್ತ್ರವೂ ಇಲ್ಲ, ಒಂದು ಹಾಡೂ ಇಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಮಾತ್ರ ಇದೆ.

ಆ ಯಜಮಾನರಿಗೆ ನಾವು ಒಡನೆ ಉತ್ತರ ಕೊಡಲಾರದೆ ಹೋದುದಕ್ಕೆ ಇನ್ನೊಂದು ಕಾರಣವುಂಟು. ಆರು ವರ್ಷಗಳ ಹಿಂದೆ ಇದೇ ಮಗಳು ಎಳೆಯ ಕೂಸನ್ನು ಎತ್ತಿಕೊಂಡು ತಾಯಿಯೊಡನೆ ಶ್ರೀಮಠಕ್ಕೆ ಬಂದಿದ್ದಳು. ಗಂಡನ ಮನೆಯ ಕಷ್ಟವನ್ನು ಅರ್ಧ ಹೇಳಿ ಅರ್ಧ ನುಂಗಿದಳು. ನಾವು ಪೂರ್ತಿಯಾಗಿ ಕೇಳುವ ಗೋಜಿಗೆ ಹೋಗದೆ, ಮಠಾಧಿಪತಿಗಳ ಬಾಯಿಗೆ ರೂಢಿಯಾಗಿರುವ ಮಾತನ್ನೇ ಆಡಿದೆವು: "ಹೊಂದಿಕೊಂಡು ಹೋಗು ತಾಯಿ." ವಿಭೂತಿ ಕೊಟ್ಟು ಕಳುಹಿಸಿದೆವು. ಅವಳು ಹೋದಳು, ಮತ್ತೆ ಐದು ವರ್ಷ ಅಲ್ಲಿದ್ದಳು. ಆ ಐದು ವರ್ಷಗಳ ಲೆಕ್ಕ ಯಾರ ಹೆಸರಿಗೆ ಬರೆಯಬೇಕೆಂಬುದು ನಮಗೆ ತಿಳಿಯದ ವಿಷಯವಲ್ಲ. ಆದಕಾರಣ ಹಿಂತಿರುಗಿ ಬಂದ ಮೇಲೆ, ತವರಿಗೆ ಮರಳಿದ ಮಗಳ ಸ್ಥಾನವನ್ನು ನಮ್ಮ ನಾಡಿನ ಆಚಾರ ಹಾಗೂ ಕಾನೂನುಗಳು ಕಾಲಕಾಲಕ್ಕೆ ಹೇಗೆ ಕಂಡಿವೆ ಎಂಬುದನ್ನು ಪರಿಶೀಲಿಸಿ ಈ ಲೇಖನವನ್ನು ಬರೆಯಲು ತೊಡಗಿದೆವು.

ಈ ಪ್ರಶ್ನೆಯ ಮೂಲವನ್ನು ಹುಡುಕುತ್ತ ಹೋದರೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಕಲ್ಯಾಣಕ್ಕೇ ಬಂದು ನಿಲ್ಲುತ್ತೇವೆ. ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (1076-1126) ಆಳುತ್ತಿದ್ದ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಬಂಗಾಳ ಮೊದಲಾದ ಕೆಲವು ಪ್ರಾಂತಗಳನ್ನು ಬಿಟ್ಟರೆ ಭರತಖಂಡದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯು ಮುಂದೆ ಎಂಟುನೂರು ವರ್ಷಗಳಿಗೂ ಮಿಕ್ಕಿ ಈ ಕನ್ನಡ ನೆಲದ ಗ್ರಂಥದ ಪ್ರಕಾರ ಹಂಚಿಕೆಯಾಯಿತು. ಮಗನು ಹುಟ್ಟಿದ ಕ್ಷಣದಲ್ಲಿಯೇ ಪಿತ್ರಾರ್ಜಿತದಲ್ಲಿ ಪಾಲುಗಾರನಾಗುತ್ತಾನೆಂಬುದು ಅದರ ಮುಖ್ಯ ಸಿದ್ಧಾಂತ. ಮಗಳಿಗೆ ಆ ಜನ್ಮಸಿದ್ಧ ಪಾಲು ಇಲ್ಲ. ಆದರೂ ವಿಜ್ಞಾನೇಶ್ವರನನ್ನು ಕೇವಲ ಸ್ತ್ರೀವಿರೋಧಿಯೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಸ್ತ್ರೀಧನವೆಂದರೆ ಮದುವೆಯಲ್ಲಿ ಬಂದ ಒಡವೆ ವಸ್ತುಗಳಷ್ಟೇ ಅಲ್ಲ; ಉತ್ತರಾಧಿಕಾರದಿಂದ, ಕ್ರಯದಿಂದ, ವಿಭಾಗದಿಂದ ಹೆಣ್ಣಿಗೆ ಬಂದುದೆಲ್ಲವೂ ಸ್ತ್ರೀಧನವೇ ಎಂದು ಅರ್ಥವನ್ನು ವಿಸ್ತರಿಸಿದವನು ಅವನು. ಬ್ರಿಟಿಷರ ಕಾಲದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ಅರ್ಥವನ್ನು ಮತ್ತೆ ಸಂಕುಚಿತಗೊಳಿಸಿತು. ನಮ್ಮವನು ಬಿಚ್ಚಿದ ಗಂಟನ್ನು ಹೊರಗಿನವರು ಬಿಗಿದರೆಂಬುದು ವಿಚಿತ್ರವಾದರೂ ಸತ್ಯ.

ವಿಜ್ಞಾನೇಶ್ವರನ ಕೆಲವೇ ದಶಕಗಳ ಅನಂತರ ಅದೇ ಕಲ್ಯಾಣದಲ್ಲಿ ಶರಣರು ಬಾಳಿದರು. ಇಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದ ಒಂದು ಮನೆಯ ಚಿತ್ರ ನಮಗೆ ದೊರೆಯುತ್ತದೆ. ಆ ಮನೆ ಬಸವಣ್ಣನವರದು. ಆ ಮಗಳು ಅಕ್ಕನಾಗಮ್ಮ. ಆ ಮಗು ಚನ್ನಬಸವಣ್ಣ.

ಈ ಮಾತನ್ನು ಕೇಳಿ ಭಕ್ತರಾರೂ ಬೆಚ್ಚಬೇಕಾಗಿಲ್ಲ. ಅಕ್ಕನಾಗಮ್ಮನವರು ಗಂಡನನ್ನು ಬಿಟ್ಟು ಬಂದವರೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಲು ಆಧಾರವೂ ಇಲ್ಲ. ಅವರ ಪತಿಯ ವಿಷಯದಲ್ಲಿ ನಮ್ಮ ಆಕರಗಳು ಏಕಮತವಾಗಿಲ್ಲ. ಕೆಲವು ಕಡೆ ಪತಿಯ ಹೆಸರು ಬರುತ್ತದೆ. ಕೆಲವು ಪುರಾಣಗಳಲ್ಲಿ ಚನ್ನಬಸವಣ್ಣನವರ ಜನನವೇ ಪ್ರಸಾದಮಹಿಮೆಯೆಂದು ವರ್ಣಿತವಾಗಿದೆ. 1369ರ ಭೀಮಕವಿಯ ಬಸವಪುರಾಣವನ್ನೂ 1584ರ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವನ್ನೂ ಇತಿಹಾಸದ ದಾಖಲೆಗಳೆಂದು ಓದುವುದು ಸಲ್ಲದು, ಭಕ್ತಿಯ ದಾಖಲೆಗಳೆಂದು ಓದಬೇಕು. ಆದರೆ ಒಂದು ಸಂಗತಿಯಲ್ಲಿ ಸಂಪ್ರದಾಯಕ್ಕೆ ಸಂದೇಹವಿಲ್ಲ. ಚನ್ನಬಸವಣ್ಣನವರನ್ನು ಯಾರೂ ಇಂಥವರ ಪುತ್ರನೆಂದು ತಂದೆಯ ಹೆಸರಿನಿಂದ ಗುರುತಿಸಲಿಲ್ಲ. ಅಂದಿನಿಂದ ಇಂದಿನವರೆಗೂ ಅವರು ನಾಗಮ್ಮನವರ ಮಗ, ಬಸವಣ್ಣನವರ ಸೋದರಳಿಯ. ಅವರು ಬೆಳೆದುದು ಸೋದರಮಾವನ ಮನೆಯಲ್ಲಿ, ಅನುಭವಮಂಟಪದ ನೆರಳಿನಲ್ಲಿ.

ಆ ಮನೆಯಲ್ಲಿ ಗಂಗಾಂಬಿಕೆ ನೀಲಾಂಬಿಕೆಯರಿದ್ದರು. ದಾಸೋಹಕ್ಕೆ ಬರುವ ಜಂಗಮರ ಲೆಕ್ಕವಿರಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಅಕ್ಕನೂ ಅಕ್ಕನ ಮಗನೂ ನೆಂಟರಾಗಿದ್ದರೆಂದು ಒಂದು ಕಡೆಯೂ ಕಾಣುವುದಿಲ್ಲ. ಅಲ್ಲಿಯೇ ಬೆಳೆದ ಆ ಬಾಲಕನು ಷಟ್‌ಸ್ಥಲ ಚಕ್ರವರ್ತಿಯೆನಿಸಿದನು, ಅವಿರಳಜ್ಞಾನಿಯೆನಿಸಿದನು. ವಯಸ್ಸಿನಲ್ಲಿ ಹಿರಿಯರಾದ ಶರಣರು ಅವನೆದುರು ಕುಳಿತು ತತ್ತ್ವವನ್ನು ಕೇಳಿದರು. ಕಲ್ಯಾಣದ ವಿಪ್ಲವದ ಅನಂತರ ಶರಣರ ಗುಂಪು ಉಳವಿಯತ್ತ ನಡೆದಾಗ ಅದರ ಮುಂದಾಳುತನದಲ್ಲಿ ತಾಯಿ ಮಕ್ಕಳಿಬ್ಬರೂ ಇದ್ದರೆಂದು ಸಂಪ್ರದಾಯ ಹೇಳುತ್ತದೆ. ಪ್ರತಿ ವರ್ಷ ಉಳವಿಯ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುವ ಉತ್ತರ ಕರ್ನಾಟಕದ ನಮ್ಮ ಭಕ್ತರಲ್ಲಿ, ತಾವು ನಮಸ್ಕರಿಸುವುದು ಸೋದರಮಾವನ ಮನೆಯಲ್ಲಿ ಬೆಳೆದ ಮಗುವಿಗೆ ಎಂಬುದನ್ನು ನೆನೆಯುವವರು ಎಷ್ಟು ಮಂದಿಯೋ ನಾವರಿಯೆವು.

ಗಂಡನ ಮನೆಯನ್ನು ಬಿಟ್ಟು ಹೊರಟ ಶರಣೆಯೆಂದರೆ ಎಲ್ಲರಿಗೂ ಅಕ್ಕಮಹಾದೇವಿಯೇ ನೆನಪಿಗೆ ಬರುತ್ತಾಳೆ. ಅವಳಿಗೂ ಕೌಶಿಕನಿಗೂ ವಿವಾಹವಾಗಿತ್ತೆಂದು ಹರಿಹರನು ಬರೆಯುತ್ತಾನೆ, ಚಾಮರಸನು ಒಪ್ಪುವುದಿಲ್ಲ. ಈ ಚರ್ಚೆಯಲ್ಲಿ ನಮ್ಮ ವಿದ್ವಾಂಸರು ಬಹಳ ಕಾಗದವನ್ನು ವ್ಯಯಮಾಡಿದ್ದಾರೆ. ನಮಗೆ ಇಲ್ಲಿ ಬೇಕಾದುದು ಇಷ್ಟೇ: ಅವಳು ಅರಮನೆಯನ್ನು ಬಿಟ್ಟು ಉಡುತಡಿಯ ತವರಿನಲ್ಲಿ ನೆಲೆನಿಲ್ಲಲಿಲ್ಲ. ಅವಳ ದಾರಿ ಶ್ರೀಶೈಲದ ಕಡೆಗೆ. ಅದು ಒಬ್ಬ ಮಹಾಯೋಗಿನಿಯ ದಾರಿ. ಕಂಕುಳಲ್ಲಿ ಮಗುವನ್ನೆತ್ತಿಕೊಂಡವಳಿಗೆ ಕದಳಿಯ ವನವನ್ನು ತೋರಿಸಿದರೆ ಪ್ರಯೋಜನವಿಲ್ಲ; ಅವಳಿಗೆ ಒಂದು ಕೋಣೆ ಬೇಕು, ಹತ್ತಿರದಲ್ಲಿ ಒಂದು ಶಾಲೆ ಬೇಕು.

ಇನ್ನು ಜನಸಾಮಾನ್ಯರ ಆಚಾರದ ವಿಷಯ. ವಿಚ್ಛೇದನವು ಪಶ್ಚಿಮದಿಂದ ಬಂದ ಪಿಡುಗೆಂದು ವೇದಿಕೆಗಳ ಮೇಲೆ ಹೇಳುವವರಿದ್ದಾರೆ. ನಾವೂ ಹಿಂದೆ ಹೇಳಿದ್ದುಂಟು. ಇದು ಸರಿಯಲ್ಲ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಜಾತಿಜಾತಿಯ ವಿವಾಹಪದ್ಧತಿಗಳನ್ನು ಬರೆದಿಟ್ಟನು. ಮುಂದೆ ಎಚ್. ವಿ. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರು ಮೈಸೂರಿನ ಕುಲಗಳನ್ನೂ ಜಾತಿಗಳನ್ನೂ ಕುರಿತು ರಚಿಸಿದ ಸಂಪುಟಗಳು 1928ರಿಂದ 1935ರವರೆಗೆ ಪ್ರಕಟವಾದವು. ಇವುಗಳನ್ನು ತಿರುವಿ ನೋಡಿದರೆ, ಮೇಲುವರ್ಗದವರೆನಿಸಿಕೊಂಡ ಕೆಲವರನ್ನು ಬಿಟ್ಟು ಮಿಕ್ಕ ಅನೇಕ ಸಮುದಾಯಗಳಲ್ಲಿ ಪಂಚರ ಮುಂದೆ ಗಂಡಹೆಂಡಿರು ಬೇರೆಯಾಗುವ ಪದ್ಧತಿಯೂ, ಬಿಟ್ಟವಳು ಅಥವಾ ವಿಧವೆಯಾದವಳು ಮತ್ತೊಬ್ಬನನ್ನು ಕೂಡುವ ಪದ್ಧತಿಯೂ ಇದ್ದುದು ತಿಳಿಯುತ್ತದೆ. ಹಳೆಯ ಮೈಸೂರಿನಲ್ಲಿ ಅದನ್ನು ಕೂಡಿಕೆ, ಸೀರುಡಿಕೆ ಎಂದರು. ಉತ್ತರ ಕರ್ನಾಟಕದಲ್ಲಿ ಉಡಕಿ ಎಂದರು. ಅಲ್ಲಿ ಬಿಡುಗಡೆಯ ಕಾಗದಕ್ಕೆ ಸೋಡಚೀಟಿಯೆಂಬ ಮರಾಠಿ ಛಾಯೆಯ ಹೆಸರಿತ್ತು. ನಮ್ಮ ವೀರಶೈವ ಸಮಾಜದ ಹಲವು ಪಂಗಡಗಳಲ್ಲಿಯೂ ಉಡಕಿಯುಂಟೆಂಬುದು ಆ ಭಾಗದ ಹಿರಿಯರಿಗೆ ಹೊಸ ಸುದ್ದಿಯೇನಲ್ಲ.

ಆದರೆ ಈ ಪದ್ಧತಿಯನ್ನು ಇಂದಿನವರು ಹೊಗಳುವಷ್ಟು ಹೊಗಳಲು ನಮಗೆ ಮನಸ್ಸು ಬಾರದು. ಹೆಣ್ಣು ಬಿಟ್ಟು ಬಂದಾಗ ಗಂಡನ ಕಡೆಯವರು ಕೊಟ್ಟಿದ್ದ ತೆರವನ್ನು ಹಿಂದಿರುಗಿಸಬೇಕಾದ ಪದ್ಧತಿ ಹಲವು ಜಾತಿಗಳಲ್ಲಿತ್ತು. ಮಕ್ಕಳು ಸಾಮಾನ್ಯವಾಗಿ ತಂದೆಯ ಕುಲಕ್ಕೆ ಸೇರಿದವರು. ಕೂಡಿಕೆಯಾದವಳನ್ನು ಮಂಗಳಕಾರ್ಯಗಳಲ್ಲಿ ಮುಂದೆ ನಿಲ್ಲಿಸುತ್ತಿರಲಿಲ್ಲ. ಅವಳ ಸಂತಾನಕ್ಕೆ ಕೂಡಿಕೆ ಸಾಲು ಎಂಬ ಬೇರೆ ಹೆಸರಿಟ್ಟು ಮದುವೆಯ ಸಂಬಂಧಗಳಲ್ಲಿ ದೂರವಿಟ್ಟ ಕುಲಗಳೂ ಇದ್ದವು. ಅಂದರೆ ಆಚಾರವು ಅವಳಿಗೆ ಒಂದು ಬಾಗಿಲನ್ನು ತೆರೆದಿತ್ತು. ಅದು ಮತ್ತೊಬ್ಬ ಗಂಡಸಿನ ಮನೆಯ ಬಾಗಿಲು. ಮಗುವಿನೊಡನೆ ತವರಿನಲ್ಲಿಯೇ ನಿಲ್ಲುತ್ತೇನೆಂದವಳಿಗೆ ಅಣ್ಣತಮ್ಮಂದಿರ ಕರುಣೆಯೊಂದೇ ಗತಿ. ಕರುಣೆ ಒಳ್ಳೆಯದೇ, ಆದರೆ ಅತ್ತಿಗೆ ಅದನ್ನು ದಿನವೂ ಅಳೆದು ಹಾಕುತ್ತಿದ್ದಳು.

ಶಾಸ್ತ್ರದಲ್ಲಿ ವಿಚ್ಛೇದನಕ್ಕೆ ಎಡೆಯೇ ಇಲ್ಲವೆನ್ನುವವರಿಗೆ ಒಂದು ಮಾತು. ಪರಸ್ಪರ ದ್ವೇಷವಿದ್ದಲ್ಲಿ ದಂಪತಿಗಳಿಗೆ ಬಿಡುಗಡೆಯುಂಟೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಧರ್ಮವಿವಾಹಗಳಿಗೆ ಮಾತ್ರ ಅದನ್ನು ನಿರಾಕರಿಸುತ್ತದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ಓಲೆಪ್ರತಿಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳು.

ನಮ್ಮ ನಾಡಿನ ಒಂದು ಭಾಗದಲ್ಲಿ ಮಾತ್ರ ಈ ಪ್ರಶ್ನೆಯೇ ಬೇರೆ ರೂಪದಲ್ಲಿತ್ತು. ದಕ್ಷಿಣ ಕನ್ನಡ, ಕಾಸರಗೋಡು ಪ್ರದೇಶಗಳಲ್ಲಿ ಬಂಟರು ಮೊದಲಾದವರು ಅನುಸರಿಸಿದ ಅಳಿಯಸಂತಾನ ಕಟ್ಟಿನಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದುದು. ಹೆಣ್ಣು ಮದುವೆಯಾಗಿ ಹೋದರೂ ಅವಳ ಹೆಸರು ಹುಟ್ಟಿದ ಮನೆಯ ಕವರಿನಿಂದ ಅಳಿಸಿಹೋಗದು. ದಾಂಪತ್ಯ ಮುರಿದರೆ ಅವಳು ಮಕ್ಕಳೊಡನೆ ತನ್ನ ಮನೆಗೆ ಬರುತ್ತಾಳೆ, ಅಷ್ಟೆ. ಅದನ್ನು ಮರಳುವುದೆಂದು ಕರೆಯುವುದೂ ಕಷ್ಟ. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಈ ಕುಟುಂಬಗಳಲ್ಲಿ ಪಾಲಿನ ಹಕ್ಕನ್ನು ವಿಧಿಬದ್ಧಗೊಳಿಸಿತು. ಅಲ್ಲಿಯೂ ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನದೇ ಆಗಿತ್ತು, ಕಲಹಗಳೂ ಕಡಿಮೆಯಿರಲಿಲ್ಲ. ಆದರೂ ಒಂದೇ ಕನ್ನಡನಾಡಿನಲ್ಲಿ, ಘಟ್ಟದ ಕೆಳಗೆ ಸಹಜವಾದುದು ಘಟ್ಟದ ಮೇಲೆ ಅಪಮಾನವಾಗಿತ್ತೆಂಬುದು ಯೋಚಿಸತಕ್ಕ ಸಂಗತಿ.

ಚಂದಾಪುರವು ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1933ರಲ್ಲಿ, ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಜಾರಿಗೆ ಬಂದಿತು. ಬ್ರಿಟಿಷ್ ಇಂಡಿಯಾದಲ್ಲಿ 1937ರಲ್ಲಿ ಆದುದಕ್ಕಿಂತ ಇದು ನಾಲ್ಕು ವರ್ಷ ಮುಂಚಿನದು, ಅದಕ್ಕಿಂತ ಉದಾರವಾದುದು. ಕುಟುಂಬದ ಆಸ್ತಿ ವಿಭಾಗವಾಗುವಾಗ ವಿಧವೆಗೆ, ತಾಯಿಗೆ, ಅವಿವಾಹಿತ ಹೆಣ್ಣುಮಕ್ಕಳಿಗೆ ಪಾಲನ್ನು ಅದು ಗೊತ್ತುಪಡಿಸಿತು. ಅವಿವಾಹಿತ ಎಂಬ ಶಬ್ದವನ್ನು ವಾಚಕರು ಗಮನಿಸಬೇಕು. ಮದುವೆಯಾಗಿ ಹೋಗಿ, ಬಿಟ್ಟು ಬಂದವಳಿಗೆ ಆ ಪಟ್ಟಿಯಲ್ಲಿ ಸ್ಥಳವಿರಲಿಲ್ಲ. ವಿಚ್ಛೇದನದ ಕಾನೂನು ಮೊದಲು ಬಂದುದು ಕನ್ನಡನಾಡಿನ ಬೇರೆ ಭಾಗಗಳಿಗೆ: ಧಾರವಾಡ, ಬೆಳಗಾವಿ, ವಿಜಾಪುರಗಳಿಗೆ 1947ರ ಮುಂಬಯಿ ಕಾಯಿದೆಯಿಂದ, ದಕ್ಷಿಣ ಕನ್ನಡ ಬಳ್ಳಾರಿಗಳಿಗೆ 1949ರ ಮದರಾಸು ಕಾಯಿದೆಯಿಂದ. 1955ರ ಹಿಂದೂ ವಿವಾಹ ಕಾಯಿದೆಯು ತಾನು ರದ್ದುಗೊಳಿಸಿದ ಪ್ರಾಂತೀಯ ಕಾಯಿದೆಗಳ ಹೆಸರು ಹೇಳುವಲ್ಲಿ ಮುಂಬಯಿ, ಮದರಾಸು, ಸೌರಾಷ್ಟ್ರಗಳಿವೆ, ಮೈಸೂರಿಲ್ಲ. ಸುಧಾರಣೆಗೆ ಹೆಸರಾದ ಸಂಸ್ಥಾನ ಇಲ್ಲಿ ಹಿಂದುಳಿಯಿತು.

ಆ 1955ರ ಕಾಯಿದೆಯ ಎರಡನೆಯ ಕಲಮಿನಲ್ಲಿ ಅದು ಯಾರಿಗೆ ಅನ್ವಯಿಸುತ್ತದೆಂದು ಹೇಳುವಾಗ ವೀರಶೈವ, ಲಿಂಗಾಯತ ಎಂಬ ಎರಡು ಹೆಸರುಗಳನ್ನೂ ಸ್ಪಷ್ಟವಾಗಿ ನಮೂದಿಸಲಾಗಿದೆ. ಈ ಹೆಸರುಗಳ ಬಗ್ಗೆ ನಮ್ಮಲ್ಲಿ ಎಷ್ಟೋ ವಾದಗಳಾಗಿವೆ. ಆದರೆ ಕಾಯಿದೆಯು ನಮ್ಮ ಹೆಣ್ಣುಮಕ್ಕಳಿಗೆ ಕೊಟ್ಟುದೇನೆಂದು ವಾದಿಸಿದವರು ವಿರಳ. ಅದೇ ಕಾಯಿದೆ 29ನೆಯ ಕಲಮಿನಲ್ಲಿ ಆಚಾರಪ್ರಕಾರದ ಬಿಡುಗಡೆಯನ್ನೂ ಉಳಿಸಿತು. 1976ರ ತಿದ್ದುಪಡಿಯಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿತು. ಕೌಟಿಲ್ಯನು ಪರಸ್ಪರ ದ್ವೇಷಕ್ಕೆ ಕೊಟ್ಟುದನ್ನು ಪಾರ್ಲಿಮೆಂಟು ಪರಸ್ಪರ ಒಪ್ಪಿಗೆಗೆ ಕೊಟ್ಟಿತು.

ಬಿಡುಗಡೆಯೇನೋ ಆಯಿತು. ಬಿಡುಗಡೆಯಾದವಳು ರಾತ್ರಿ ಎಲ್ಲಿ ಮಲಗಬೇಕು? ಈ ಪ್ರಶ್ನೆಯನ್ನು ನಮ್ಮ ಶಾಸನಕರ್ತರು ಮುಟ್ಟಿದುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೆಯ ಕಲಮಿನಲ್ಲಿ. ಈ ಲೇಖನವನ್ನು ಬರೆಯುವ ಮುನ್ನ ನಮಗೂ ಅದರ ಪರಿಚಯವಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಉಯಿಲು ಬರೆಯದೆ ತಂದೆ ತೀರಿಕೊಂಡು, ಕುಟುಂಬದವರು ವಾಸವಿರುವ ಮನೆ ಉಳಿದರೆ, ಗಂಡುಮಕ್ಕಳು ತಮ್ಮತಮ್ಮೊಳಗೆ ಪಾಲು ಮಾಡಿಕೊಳ್ಳಲು ಇಚ್ಛಿಸುವವರೆಗೆ ಹೆಣ್ಣುಮಕ್ಕಳು ಆ ಮನೆಯ ವಿಭಾಗವನ್ನು ಕೇಳುವಂತಿಲ್ಲವೆಂದು ಅದು ವಿಧಿಸಿತು. ವಾಸಿಸುವ ಹಕ್ಕನ್ನು ಮಾತ್ರ ಕೊಟ್ಟಿತು. ಅದೂ ಮಗಳಾದರೆ ಅವಳು ಅವಿವಾಹಿತೆಯೋ, ಗಂಡನಿಂದ ತ್ಯಜಿಸಲ್ಪಟ್ಟವಳೋ, ಬೇರೆಯಾದವಳೋ, ವಿಧವೆಯೋ ಆಗಿದ್ದರೆ ಮಾತ್ರ. ಒಂದು ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ತವರಿಗೆ ಮರಳಿದ ಮಗಳನ್ನು ಕಾನೂನು ಮೊದಲ ಬಾರಿಗೆ ಕಣ್ಣೆತ್ತಿ ನೋಡಿತು, ಅವಳನ್ನು ಹೊರಗೆ ಹಾಕುವಂತಿಲ್ಲವೆಂದಿತು. ಇನ್ನೊಂದು ದೃಷ್ಟಿಯಿಂದ ನೋಡಿದರೆ, ಅವಳಿಗೆ ಸಿಕ್ಕಿದುದು ಮನೆಯೊಳಗೆ ಇರುವ ಹಕ್ಕೇ ಹೊರತು ಮನೆಯಲ್ಲ. ಅಣ್ಣನಿಗೆ ಮನೆ, ತಂಗಿಗೆ ಚಾಪೆ. ಅದಕ್ಕೂ ಅವಳು ತನ್ನ ದಾಂಪತ್ಯ ಮುರಿದುದನ್ನು ರುಜುವಾತು ಮಾಡಬೇಕು. ಸುಖವಾಗಿರುವ ಮಗಳಿಗೆ ಅಷ್ಟೂ ಇಲ್ಲ. ಈ ಕಲಮು 2005ರ ಸೆಪ್ಟೆಂಬರ್ 9ರವರೆಗೆ, ಅರ್ಧ ಶತಮಾನದಷ್ಟು ಕಾಲ, ಜಾರಿಯಲ್ಲಿತ್ತು.

ಅಷ್ಟರಲ್ಲಿ ರಾಜ್ಯಗಳು ಒಂದೊಂದಾಗಿ ಮಿತಾಕ್ಷರದ ಬುಡವನ್ನೇ ಮುಟ್ಟತೊಡಗಿದ್ದವು. ಆಂಧ್ರಪ್ರದೇಶ 1986ರಲ್ಲಿ, ತಮಿಳುನಾಡು 1989ರಲ್ಲಿ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಪಾಲುಗಾರರೆಂದು ಸಾರಿದವು. ಕರ್ನಾಟಕದ ಶಾಸನಸಭೆ 1990ರಲ್ಲಿಯೇ ಅಂತಹ ತಿದ್ದುಪಡಿಯನ್ನು ಮಾಡಿದರೂ ಅದು ಜಾರಿಗೆ ಬಂದುದು 1994ರ ಜುಲೈ 30ರಂದು. ಇದರ ಅರ್ಥವನ್ನು ಚಂದಾಪುರದಲ್ಲಿ ನಿಂತು ನೋಡಬೇಕು. ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟರೆ ಅತ್ತಿಬೆಲೆ ದಾಟಿದೊಡನೆ ತಮಿಳುನಾಡಿನ ಹೊಸೂರು ಸೀಮೆ. ಅಲ್ಲಿಯೂ ಕನ್ನಡ ಮಾತನಾಡುವ ರೈತರು, ಇಲ್ಲಿಯೂ ಅವರೇ. ಹೆಣ್ಣು ಕೊಟ್ಟು ತರುವ ಬಳಕೆ ಇಂದಿಗೂ ಇದೆ. ಗಡಿಯಾಚೆಯ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳಿಗೆ ಐದು ವರ್ಷ ಮೊದಲೇ ಸಿಕ್ಕ ಪಾಲು, ಅವಳ ಸೋದರತ್ತೆಯ ಮಗಳಿಗೆ ಈಚೆ ಸಿಗಲಿಲ್ಲ. ಎರಡೂ ರಾಜ್ಯಗಳ ತಿದ್ದುಪಡಿಗಳು ಒಂದು ವಿಷಯದಲ್ಲಿ ಮಾತ್ರ ಏಕಾಭಿಪ್ರಾಯವಾಗಿದ್ದವು: ಕಾಯಿದೆಗೆ ಮುಂಚೆ ಮದುವೆಯಾದ ಮಗಳಿಗೆ ಈ ಹಕ್ಕಿಲ್ಲ. ಹೀಗಾಗಿ 1993ರಲ್ಲಿ ಮದುವೆಯಾಗಿ 1998ರಲ್ಲಿ ಮಗುವಿನೊಡನೆ ಮರಳಿದವಳು ಆಸ್ತಿಯ ದೃಷ್ಟಿಯಿಂದ ಇನ್ನೂ ಗಂಡನ ಮನೆಯವಳೇ ಆಗಿದ್ದಳು. 2005ರ ಕೇಂದ್ರ ತಿದ್ದುಪಡಿಯು ವಿವಾಹಿತೆ ಅವಿವಾಹಿತೆಯೆಂಬ ಭೇದವನ್ನು ತೆಗೆದು, 23ನೆಯ ಕಲಮನ್ನೂ ಕಿತ್ತುಹಾಕಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು, ಆ ದಿನ ತಂದೆ ಬದುಕಿದ್ದರೂ ಇಲ್ಲದಿದ್ದರೂ ಒಂದೇ ಎಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಕಲ್ಯಾಣದಲ್ಲಿ ಬರೆಯಲ್ಪಟ್ಟುದು ಹೀಗೆ ಒಂಬತ್ತು ಶತಮಾನಗಳ ಅನಂತರ ದೆಹಲಿಯಲ್ಲಿ ತಿದ್ದಲ್ಪಟ್ಟಿತು.

ಆಸ್ತಿಯಿಲ್ಲದ ಮನೆಗಳ ಮಾತೇನು? ಅಲ್ಲಿ ಸಂಬಳವೇ ಆಸ್ತಿ. ಕರ್ನಾಟಕದ ಸರ್ಕಾರಿ ನೌಕರರು ಸೇವೆಯಲ್ಲಿರುವಾಗ ತೀರಿಕೊಂಡರೆ ಅವಲಂಬಿತರಿಗೆ ಅನುಕಂಪದ ನೌಕರಿ ಕೊಡುವ 1996ರ ನಿಯಮಗಳಲ್ಲಿ ಅವಿವಾಹಿತ ಮಗಳು, ವಿಧವೆಯಾದ ಮಗಳು ಇದ್ದರು. ವಿಚ್ಛೇದಿತ ಮಗಳು ಇರಲಿಲ್ಲ. ತಾಯಿಯ ಮರಣಾನಂತರ ವಿಚ್ಛೇದನ ಪಡೆದ ಮಗಳೊಬ್ಬಳು ಈ ನೌಕರಿಯನ್ನು ಕೇಳಿದಾಗ ಉಚ್ಚ ನ್ಯಾಯಾಲಯ ಒಪ್ಪಿತಾದರೂ, 2021ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ನಿಯಮದ ಅಕ್ಷರವನ್ನು ಎತ್ತಿಹಿಡಿದು ನಿರಾಕರಿಸಿತು. ತಾಯಿ ಸತ್ತ ದಿನ ಅವಳು ತಾಯಿಯ ಆಶ್ರಯದಲ್ಲಿ ಜೊತೆಗೆ ವಾಸವಿದ್ದವಳಲ್ಲವೆಂಬುದೂ ಒಂದು ಕಾರಣ. ವಿಚ್ಛೇದಿತ ಮಗಳು ಎಂಬ ಶಬ್ದ ನಿಯಮಕ್ಕೆ ಸೇರಿದುದು 2021ರ ತಿದ್ದುಪಡಿಯಲ್ಲಿ. 2011ರ ಜನಗಣತಿಯ ಪ್ರಕಾರ ಇಡೀ ದೇಶದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ, ಕೋರ್ಟಿನ ತೀರ್ಪಿಲ್ಲದೆ ಬೇರೆಯಾಗಿರುವವರು ಅದರ ಸುಮಾರು ಮೂರರಷ್ಟು. ಈ ಎರಡನೆಯ ಗುಂಪಿನವರಿಗೆ ಕಾಗದವೇ ಇಲ್ಲ. ನಮ್ಮ ಮಠಗಳಿಗೆ ಬಂದು ಅರ್ಧ ಹೇಳಿ ಅರ್ಧ ನುಂಗುವವರು ಹೆಚ್ಚಾಗಿ ಇವರೇ.

ತಂದೆಯೇ ಮಗುವನ್ನು ಕರೆದುಕೊಂಡು ಹಿರಿಯರ ಮನೆಗೆ ಮರಳುವ ಪ್ರಸಂಗಗಳೂ ಉಂಟು; ಬೆಂಗಳೂರಿನ ಭಕ್ತರ ಮನೆಗಳಲ್ಲಿ ನಾವು ಎರಡು ಮೂರು ಕಂಡಿದ್ದೇವೆ. ಆದರೆ ಅವನು ಬಂದಿದ್ದಾನೋ ಇದ್ದಾನೋ ಎಂದು ಯಾರೂ ಕೇಳುವುದಿಲ್ಲ. ಕಾನೂನಿನ ಪ್ರಕಾರವೂ ಆಚಾರದ ಪ್ರಕಾರವೂ ಅವನು ಆ ಮನೆಯನ್ನು ಎಂದೂ ಬಿಟ್ಟಿರಲಿಲ್ಲ. ಅವನ ಕಷ್ಟ ಬೇರೆ: ಮಗುವಿನ ತಲೆ ಬಾಚಲು ಕಲಿಯುವುದು, ವಯಸ್ಸಾದ ತಾಯಿಯ ಮೇಲೆ ಹೊರೆ ಹೊರಿಸಿದೆನೆಂಬ ನಾಚಿಕೆ.

ಮಗುವಿನ ವಿಷಯಕ್ಕೆ ಬರುವುದಾದರೆ, 1956ರ ಅಪ್ರಾಪ್ತವಯಸ್ಕರ ಪಾಲನೆಯ ಕಾಯಿದೆಯು ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದಿತು. ಆದರೆ ಸಹಜ ಪಾಲಕನು ತಂದೆ, ಅವನ ಅನಂತರ ತಾಯಿ ಎಂದಿತು. ಲೇಖಕಿ ಗೀತಾ ಹರಿಹರನ್ ಅವರು ಹೂಡಿದ ಮೊಕದ್ದಮೆಯಲ್ಲಿ 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅನಂತರ ಎಂಬುದಕ್ಕೆ ತಂದೆಯ ಮರಣದ ಅನಂತರ ಎಂದಷ್ಟೇ ಅರ್ಥಮಾಡಬಾರದು, ಮಗುವಿನ ಆರೈಕೆಯಲ್ಲಿ ಅವನು ಇಲ್ಲದಿರುವಾಗ ಎಂದೂ ಅರ್ಥಮಾಡಬೇಕೆಂದು ಹೇಳಿತು. 2016ರ ಡಿಸೆಂಬರ್‌ನಿಂದ ಪಾಸ್‌ಪೋರ್ಟಿನ ಅರ್ಜಿಗೆ ತಂದೆತಾಯಿಗಳಲ್ಲಿ ಒಬ್ಬರ ಹೆಸರೇ ಸಾಕಾಯಿತು.

ನಮ್ಮ ಪ್ರಸಾದನಿಲಯದ ಅರ್ಜಿಗೆ ಸಾಕಾಗಿರಲಿಲ್ಲ. ಚಂದಾಪುರದ ಆ ತಾಯಿ ಮಗನನ್ನು ಮುಂದೆ ಶ್ರೀಮಠದ ಶಾಲೆಗೆ ಸೇರಿಸುವ ವಿಚಾರವಾಗಿ ಅರ್ಜಿಯ ನಮೂನೆಯನ್ನು ತರಿಸಿಕೊಂಡಿದ್ದಳು. ಅದನ್ನು ನಮ್ಮ ಮುಂದೆ ಇಟ್ಟು ಕೇಳಿದಳು: "ಬುದ್ಧೀ, ಇಲ್ಲಿ ತಂದೆಯ ಹೆಸರು ಅಂತ ಒಂದೇ ಗೆರೆ ಇದೆ. ತಂದೆಯ ಸಹಿ ಅಂತ ಇದೆ. ನನ್ನ ಹೆಸರು ಎಲ್ಲಿ ಬರೀಲಿ?" ಗುರುಕರಜಾತನಿಗೆ ಕುಲ ಯಾವುದೆಂದು ವೇದಿಕೆಯ ಮೇಲೆ ಪ್ರಶ್ನಿಸುವವರು ನಾವು. ನಮ್ಮ ಕಚೇರಿಯ ನಮೂನೆಯನ್ನು ಮುದ್ರಿಸಿದಾಗ ಯಾರ ಕೈಬರಹವನ್ನು ಒಪ್ಪಿ ಅಚ್ಚಿಗೆ ಕಳುಹಿಸಿದ್ದೆವೋ ನೆನಪಿಗೆ ಬರಲಿಲ್ಲ, ಬಹುಶಃ ನಮ್ಮದೇ.

ಮೇಜಿನ ಮೇಲೆ ಇನ್ನೊಂದು ಕಾಗದವೂ ಇತ್ತು. ಅದು ಹಕ್ಕು ಖುಲಾಸೆ ಪತ್ರದ ಕರಡು. ಈ ಸೀಮೆಯಲ್ಲಿ ಭೂಮಿಗೆ ಬೆಲೆ ಬಂದಂದಿನಿಂದ ಇಂತಹ ಪತ್ರಗಳಿಗೆ ಬಿಡುವಿಲ್ಲ. ಹೆಣ್ಣುಮಕ್ಕಳಿಗೆ ಅರಿಶಿನಕುಂಕುಮದ ಬಾಬ್ತೆಂದು ಒಂದಿಷ್ಟು ಹಣ ಕೊಟ್ಟು, ತವರಿನ ಆಸ್ತಿಯಲ್ಲಿ ತನಗೆ ಯಾವ ಹಕ್ಕೂ ಇಲ್ಲವೆಂದು ನೋಂದಣಿ ಕಚೇರಿಯಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಹಾಕದಿದ್ದರೆ ಬಾಗಿನ ನಿಲ್ಲುತ್ತದೆ. ಹಾಕಿದರೆ ತವರು ಉಳಿಯುತ್ತದೆಂಬ ಮಾತು. ಕಾನೂನು 2005ರಲ್ಲಿ ಕೊಟ್ಟುದನ್ನು ಮಗಳು ಹೀಗೆ ಅಕ್ಕರೆಯ ಹೆಸರಿನಲ್ಲಿ ಹಿಂದಿರುಗಿಸುತ್ತಾಳೆ. ಇಲ್ಲಿ ಮಗನು ಬ್ಯಾಂಕಿನ ಸಾಲಕ್ಕೆ ಬೇಕೆಂದು ಕರಡನ್ನು ಬರೆಸಿದ್ದನು. ಕೆಟ್ಟ ಹುಡುಗನಲ್ಲ, ತಂಗಿಯ ಮಗನನ್ನು ದಿನವೂ ಬೈಕಿನ ಮೇಲೆ ಶಾಲೆಗೆ ಬಿಡುವವನು ಅವನೇ. ಆದರೆ ಮನೆ ಪಿತ್ರಾರ್ಜಿತದ ಹಣದಿಂದ ಆದುದು, ತಂಗಿಗೂ ಅದರಲ್ಲಿ ಪಾಲುಂಟೆಂಬ ವಿಚಾರ ಅವನಿಗೆ ತೋರಿರಲಿಲ್ಲ, ಅವಳಿಗೂ ಪೂರ್ತಿಯಾಗಿ ತೋರಿರಲಿಲ್ಲ. ಬಾಡಿಗೆ ಬರುತ್ತಿದ್ದ ಕೋಣೆಗಳನ್ನು ತಾನು ಆಕ್ರಮಿಸಿಕೊಂಡೆನೆಂಬ ಸಂಕೋಚದಲ್ಲಿಯೇ ಅವಳು ಪ್ರತಿ ತಿಂಗಳು ಸಂಬಳದಲ್ಲಿ ಒಂದು ಭಾಗವನ್ನು ತಾಯಿಯ ಕೈಗೆ ಕೊಡುತ್ತಿದ್ದಳು.

ಈ ಲೇಖನದಲ್ಲಿ ಬರೆದ ವಿಷಯಗಳಲ್ಲಿ ಅಂದು ನಮಗೆ ತಿಳಿದಿದ್ದುದು ಸ್ವಲ್ಪ. ಆದರೂ ಸಹಿಗೆ ಮೊದಲು ಆನೇಕಲ್ಲಿನ ಒಬ್ಬ ಒಳ್ಳೆಯ ವಕೀಲರನ್ನು ಅಣ್ಣತಂಗಿಯರಿಬ್ಬರೂ ಒಟ್ಟಿಗೆ ಕಾಣಬೇಕೆಂದು ಹೇಳಿದೆವು. ಆರು ವರ್ಷಗಳ ಹಿಂದೆ ಆಡಿದ ಮಾತಿಗಾಗಿ ಆ ಮಗಳ ಮುಂದೆಯೇ ಮನೆಯವರೆಲ್ಲರೂ ಕೇಳುವಂತೆ ಕ್ಷಮೆ ಕೇಳಿದೆವು. ಅವಳು ಏನೂ ಹೇಳದೆ ಒಳಗೆ ಹೋಗಿ ಪ್ರಸಾದಕ್ಕೆ ಎಲೆ ಹಾಕಿದಳು. ಯಜಮಾನರು ನಮ್ಮ ಮುಖವನ್ನೇ ನೋಡುತ್ತಿದ್ದರು. ಅವರ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿತ್ತು. ಎದುರು ಮನೆಯಾಕೆ ಅರಿಶಿನಕುಂಕುಮಕ್ಕೆ ಬಂದು, "ಮಗಳು ಯಾವಾಗ ಬಂದಳು?" ಎಂದು ಅವರ ಪತ್ನಿಯನ್ನು ಕೇಳಿದರು. "ಇಲ್ಲೇ ಇದ್ದಾಳಲ್ಲ" ಎಂದು ಆ ತಾಯಿ ಹೇಳಿ ತಟ್ಟೆಯನ್ನು ಮುಂದೆ ಹಿಡಿದರು.

ಬಾಲಕನ ಲಿಂಗಧಾರಣೆಯನ್ನು ಕಾರ್ತಿಕ ಮಾಸದಲ್ಲಿ ಶ್ರೀಮಠದಲ್ಲಿಯೇ ನೆರವೇರಿಸಲಾಯಿತು. ತಾಯಿಯೂ ಸೋದರಮಾವನೂ ಎಡಬಲಕ್ಕೆ ಕುಳಿತರು. ಖುಲಾಸೆ ಪತ್ರದ ಕರಡು ವಕೀಲರ ಬಳಿಯಿದೆಯೆಂದು ತಿಳಿದುಬಂದಿದೆ. ಪ್ರಸಾದನಿಲಯದ ಅರ್ಜಿಯಲ್ಲಿ ತಾಯಿ ಅಥವಾ ತಂದೆ ಅಥವಾ ಪೋಷಕರು ಎಂದು ತಿದ್ದಿಸಿ ಹೊಸದಾಗಿ ಅಚ್ಚುಹಾಕಿಸಲು ಕೊಟ್ಟಿದ್ದೇವೆ. ಹಳೆಯ ನಮೂನೆಗಳು ಇನ್ನೂ ಒಂದು ಕಟ್ಟು ಉಳಿದಿರುವುದರಿಂದ ಕಚೇರಿಯ ಗುಮಾಸ್ತರು ಅವುಗಳ ಮೇಲೆ ಕೈಯಿಂದಲೇ ತಿದ್ದಿ ಕೊಡುತ್ತಿದ್ದಾರೆ.